ಗುರುತಿಲ್ಲದ ಮತ

ಪಂಚಾಯಿತಿ ಅಧ್ಯಕ್ಷರ ಚುನಾವಣೆಗೆ ಪ್ರೊಜೆಕ್ಟರ್ ತಂದವನನ್ನು ನಾನು ನೋಡಿದ್ದು ಅದೇ ಮೊದಲು. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಕಡೆ ಕಾಡಿನಂಚಿಗಿರುವ ಹೋಮ್‌ಸ್ಟೇಯೊಂದರ ಹಾಲಿನಲ್ಲಿ ಬಿಳಿ ಪಂಚೆ ಇಳಿಬಿಟ್ಟು, ಅದರ ಮೇಲೆ ನಮ್ಮೆಲ್ಲರ ಹೆಸರು ಮೂಡಿಸಿದ್ದ. ಪಂಚೆಯ ಜರಿಯಂಚು ಸರಿಯಾಗಿ ನನ್ನ ಹೆಸರಿನ ಮೇಲೆ ಬಂದು, ಸುಧಾಮಣಿ ಎನ್ನುವುದು ಬರೀ ಸುಧಾ ಆಗಿತ್ತು. ನಗು ಬಂತು, ನಗಲಿಲ್ಲ. ಆ ಮನೆಯಲ್ಲಿ ನಗುವುದಕ್ಕೂ ಭಯವಾಗುತ್ತಿತ್ತು.

ಹುಡುಗನ ಹೆಸರು ದಿಲೀಪ್. ಮೈಸೂರಿನವನು. ದುಡ್ಡು ಕೊಟ್ಟವರಿಗೆ ಚುನಾವಣೆ ಗೆಲ್ಲಿಸಿಕೊಡುವುದೇ ಅವನ ಕಸುಬು. ಅವನನ್ನು ಕರೆಸಿದವರು ನಮ್ಮೂರಿನ ಜಲ್ಲಿ ಕ್ರಷರ್ ಮಾಲೀಕ ನೀಲಕಂಠಸ್ವಾಮಿ. ಅಧ್ಯಕ್ಷ ಸ್ಥಾನ ಈ ಸಲ ಮಹಿಳೆಗೆ ಮೀಸಲಾಗಿದ್ದರಿಂದ ಅವರು ಪಂಚಾಯಿತಿ ಸದಸ್ಯೆಯೇ ಆಗಿದ್ದ ತಮ್ಮ ಹೆಂಡತಿ ಪುಟ್ಟಮಲ್ಲಮ್ಮನನ್ನು ನಿಲ್ಲಿಸಿದ್ದರು. ಎದುರಿಗೆ ನಿಂತವಳು ಕಾವ್ಯಶ್ರೀ. ಕ್ರಷರ್ ಧೂಳಿನ ವಿರುದ್ಧ ಮನೆಮನೆ ಸುತ್ತಿ ಸಹಿ ಮಾಡಿಸಿ, ಚಾಮರಾಜನಗರದ ಡಿ.ಸಿ. ಆಫೀಸಿನ ಮುಂದೆ ಬಿಸಿಲಲ್ಲಿ ಕೂತು ಬಂದ ಹುಡುಗಿ.

ನಾವು ಹದಿಮೂರು ಜನ ಸದಸ್ಯರು. ಏಳು ಜನ ಈ ಕಡೆ, ಆರು ಜನ ಆ ಕಡೆ. ಒಬ್ಬರು ಜಾರಿದರೂ ಎಲ್ಲ ತಲೆಕೆಳಗು. ಅದಕ್ಕೇ ಚುನಾವಣೆಗೆ ಮುಂಚೆ ನಮ್ಮ ಏಳು ಜನರನ್ನೂ ‘ಟೂರ್’ ಅಂತ ಹೇಳಿ ಇಲ್ಲಿ ತಂದು ಕೂರಿಸಿದ್ದರು. ಕುರಿಗಳನ್ನಾದರೂ ಹಗಲು ಮೇಯಲು ಬಿಡುತ್ತಾರೆ, ನಮಗೆ ಅದೂ ಇರಲಿಲ್ಲ. ಬಂದ ಕೂಡಲೇ ಫೋನುಗಳನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿಸಿಕೊಂಡು, ಗೇಟಿಗೆ ಬೀಗ ಜಡಿದಿದ್ದರು. ಆನೆ ಬರುತ್ತದಂತೆ. ಆನೆ ಬೀಗ ನೋಡಿ ವಾಪಸ್ ಹೋಗುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ನಾನು ನೀಲಕಂಠಸ್ವಾಮಿಯವರ ಬೆಂಬಲದಿಂದಲೇ ಗೆದ್ದವಳು, ಇಲ್ಲ ಅನ್ನುವುದಿಲ್ಲ. ಆದರೆ ಕ್ರಷರ್ ಇರುವುದು ನನ್ನ ಮನೆಯ ಹಿಂದಿನ ಗುಡ್ಡದಲ್ಲಿ. ಕಲ್ಲು ಸಿಡಿಸಿದಾಗ ಅಡುಗೆಮನೆಯ ಪಾತ್ರೆಗಳು ತಾವಾಗಿಯೇ ಕುಣಿಯುತ್ತವೆ. ನನ್ನ ಅತ್ತೆ ಕೆಮ್ಮಿ ಕೆಮ್ಮಿಯೇ ಹೋದರು. ಪುಟ್ಟಮಲ್ಲಮ್ಮ ಅಧ್ಯಕ್ಷೆಯಾದರೆ ಎರಡನೇ ಕ್ರಷರ್‌ಗೂ ಪಂಚಾಯಿತಿಯ ಒಪ್ಪಿಗೆ ಸಿಗುವುದು ಖಂಡಿತ. ಗುಪ್ತ ಮತದಾನ ತಾನೇ, ಸುಮ್ಮನೆ ಕಾವ್ಯಶ್ರೀಗೆ ಹಾಕಿ ಬಂದರಾಯಿತು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದುಕೊಂಡು ಬಂದಿದ್ದೆ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಗಂಡನಿಗೂ ಹೇಳಿರಲಿಲ್ಲ.

ದಿಲೀಪ್ ಆ ಮಂಡಿಗೆಗೆ ಮಣ್ಣು ಹಾಕಿದ.

“ಗುಪ್ತ ಅನ್ನೋದು ಚುನಾವಣಾ ಅಧಿಕಾರಿಗೆ ಮೇಡಂ, ನಮಗಲ್ಲ,” ಎಂದ. ಪಂಚೆಯ ಮೇಲೆ ಮತಪತ್ರದ ಚಿತ್ರ ಬಂತು. ಅಭ್ಯರ್ಥಿಯ ಹೆಸರಿನ ಮುಂದೆ ಖಾಲಿ ಚೌಕ. ಅದರಲ್ಲಿ ಇಂಟು ಗುರುತು ಹಾಕಬೇಕು. “ಒಬ್ಬೊಬ್ಬರು ಒಂದೊಂದು ಥರ ಹಾಕ್ತೀರಿ. ಶಿವಮ್ಮೋರು ಚೌಕ ತುಂಬೋ ಹಾಗೆ ದೊಡ್ಡದು. ಸುಧಾಮಣಿ ಮೇಡಂ ಕೆಳಗಿನ ಎಡ ಮೂಲೇಲಿ ಚಿಕ್ಕದು.” ಹೀಗೆ ಆರು ಜನರಿಗೂ ಒಂದೊಂದು ಗುರುತು ಹಂಚಿದ. “ಎಣಿಸುವಾಗ ಪುಟ್ಟಮಲ್ಲಮ್ಮೋರ ಹೆಸರಿನ ಮುಂದೆ ಯಾವ ಗುರುತು ಕಾಣಲ್ವೋ, ಅವರು ಕೈ ಕೊಟ್ಟರು ಅಂತ ಅರ್ಥ. ಸಿಂಪಲ್.”

ಎಷ್ಟು ಮರ್ಯಾದೆಯಿಂದ ಹೇಳಿದ! ಮೇಡಂ, ಮೇಡಂ ಎನ್ನುತ್ತಲೇ ಕುತ್ತಿಗೆಗೆ ಹಗ್ಗ ಬಿಗಿದಿದ್ದ.

“ನಂಗ್ಯಾವ ಗುರ್ತಪ್ಪ?” ಎಂದು ಮೂಲೆಯಲ್ಲಿ ಕೂತಿದ್ದ ಪುಟ್ಟಮಲ್ಲಮ್ಮ ಕೇಳಿದರು.

ಎಲ್ಲರೂ ಗೊಳ್ಳೆಂದರು. ನೀಲಕಂಠಸ್ವಾಮಿಯೂ ನಕ್ಕರು. “ನಿನ್ ಓಟು ನಿಂಗೇ ಆಕ್ಕೊಳಕ್ಕೂ ಗುರ್ತು ಬೇಕಾ? ಎಂಗಾರ ಆಕ್ಕೊ ಓಗು,” ಎಂದರು.

ಆಮೇಲೆ ಮಾದಪ್ಪನ ಫೋಟೋ ತಂದರು. ಆರು ಜನರೂ ವಿಭೂತಿ ಮುಟ್ಟಿ ಆಣೆ ಮಾಡಿದೆವು. ಪುಟ್ಟಮಲ್ಲಮ್ಮ ವಿಭೂತಿಯ ತಟ್ಟೆ ಹಿಡಿದುಕೊಂಡಿದ್ದರು. ನನ್ನ ಸರದಿ ಬಂದಾಗ ಕೈ ನಡುಗಿ ವಿಭೂತಿ ನೆಲಕ್ಕೆ ಚೆಲ್ಲಿತು. ಅದನ್ನು ನೀಲಕಂಠಸ್ವಾಮಿ ನೋಡಿಬಿಟ್ಟರು.

ಊಟವಾದ ಮೇಲೆ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತರು. ಎಲೆಗೆ ಸುಣ್ಣ ಸವರುತ್ತಾ, “ತಂಗಿ, ನಿನ್ ಮಗಳು ನಯನಾ ಗುಂಡ್ಲುಪೇಟೆ ಕಾಲೇಜ್ಗೆ ಓಯ್ತಾಳಲ್ವಾ?” ಎಂದರು.

“ಊಂ ಅಣ್ಣ.”

“ಸಾಯಂಕಾಲ ಹಂಗಳದಲ್ಲಿ ಬಸ್ ಇಳ್ದು ಊರ್ಗಂಟ ನಡ್ಕಂಡೇ ಬತ್ತಾಳೆ. ನೋಡ್ತಿರ್ತಿನಿ. ನಮ್ ಟಿಪ್ಪರ್‌ಗಳೂ ಅದೇ ರೋಡಲ್ಲಿ ಓಡಾಡ್ತವೆ. ಡ್ರೈವರ್ ಮುಂಡೇವು ಒಂದೊಂದ್ಸಲ ಕುಡ್ದಿರ್ತವೆ. ಪಕ್ಕಕ್ಕೆ ನಡೀಬೇಕು ಅಂತ ಏಳು ಮಗೀಗೆ.”

ಅಷ್ಟೇ. ಬೈಯಲಿಲ್ಲ, ಗದರಲಿಲ್ಲ. ಎಲೆ ಮಡಿಸಿ ಬಾಯಿಗೆ ಹಾಕಿಕೊಂಡು ಎದ್ದು ಹೋದರು. ಮಗಳ ಹತ್ತಿರ ಒಂದೇ ಒಂದು ಮಾತಾಡುತ್ತೇನೆ, ಫೋನ್ ಕೊಡು ಎಂದು ದಿಲೀಪನನ್ನು ಕೇಳಿದೆ. “ಎಲೆಕ್ಷನ್ ಮುಗಿದ ತಕ್ಷಣ ಕೊಡ್ತೀವಿ ಮೇಡಂ. ನಿಮ್ಮ ಒಳ್ಳೇದಕ್ಕೇ,” ಎಂದ. ನನ್ನ ಒಳ್ಳೆಯದನ್ನು ಬಯಸುವವರು ಆ ಮನೆಯಲ್ಲಿ ತುಂಬಾ ಜನ ಇದ್ದರು.

ಮಾರನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಪುಟ್ಟಮಲ್ಲಮ್ಮ ಸೀರೆ ಹಿಂಡುತ್ತಿದ್ದರು. ನಾನೊಂದು ಕೊನೆ ಹಿಡಿದುಕೊಂಡೆ. ಸಾಹುಕಾರರ ಹೆಂಡತಿಯಾದರೂ ಬಟ್ಟೆ ಒಗೆಯುವುದನ್ನು ಬೇರೆಯವರಿಗೆ ಬಿಟ್ಟವರಲ್ಲ. ಸೀರೆ ತಿರುಚುವಾಗ ನೋಡಿದೆ, ಅವರ ಎಡಗೈಯ ಕಿರುಬೆರಳು ಮಡಚುತ್ತಲೇ ಇರಲಿಲ್ಲ.

“ಬೆರಳಿಗೇನಾಯ್ತಕ್ಕ?”

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. “ಅದ್ಯಾವುದೋ ಪತ್ರಕ್ಕೆ ಸೈನ್ ಆಕಲ್ಲ ಅಂದ್ಬುಟ್ಟಿದ್ದೆ ಓದ್ವರ್ಸ.”

ನಾನು ಸೀರೆ ಹಿಂಡುವುದನ್ನು ನಿಲ್ಲಿಸಿದೆ.

“ಎಡಗೈ ಕಣಮ್ಮಿ,” ಎಂದರು ಸಣ್ಣ ದನಿಯಲ್ಲಿ. “ಸೈನ್ ಆಕ್ಸಕ್ಕೆ ಬಲಗೈ ಬೇಕಲ್ಲ ಅವರ್ಗೆ.” ಸೀರೆಯನ್ನು ಇನ್ನೊಂದು ಸುತ್ತು ತಿರುಚಿ ಕೇಳಿದರು, “ಅಧ್ಯಕ್ಷೆ ಆದ್ರೆ ಎಲ್ಲಾದ್ಕೂ ಸೈನ್ ನಂದೇ ಅಲ್ವಾ? ಕ್ರಷರ್‌ದು, ಬಿಲ್ಲುಗಳ್ದು, ಎಲ್ಲಾದ್ಕೂ?”

“ಊಂ ಅಕ್ಕ.”

“ನಾಳೆ ಕೇಸು ಗೀಸು ಅಂತ ಆದ್ರೆ ಜೈಲ್ಗೆ ಓಗೋಳೂ ನಾನೇ?”

ಅಷ್ಟರಲ್ಲಿ ಬಾಗಿಲಲ್ಲಿ ದಿಲೀಪ್ ಕಾಣಿಸಿಕೊಂಡ. ಪುಟ್ಟಮಲ್ಲಮ್ಮ ಸೀರೆ ಕೊಡವಿ ತಂತಿಗೆ ಹಾಕಿ ಒಳಗೆ ಹೋದರು.

ಚುನಾವಣೆಯ ದಿನ ನಮ್ಮನ್ನು ವ್ಯಾನಿನಲ್ಲಿ ಪಂಚಾಯಿತಿಗೆ ಕರೆತಂದರು. ದಾರಿಯಲ್ಲಿ ದಿಲೀಪ್ ನನ್ನ ಪಕ್ಕಕ್ಕೆ ಬಂದ. “ಮೇಡಂ, ಸದಸ್ಯರಲ್ಲದೋರು ಒಳಗೆ ಬರೋ ಹಾಗಿಲ್ಲ. ನೀವು ಪಿಯುಸಿ ಓದಿದೀರಿ. ಎಣಿಸುವಾಗ ಟೇಬಲ್ ಹತ್ತಿರ ನಿಂತು ಒಂದೊಂದು ಗುರುತೂ ನೋಡ್ಕೊಳಿ. ಆಚೆ ಬಂದು ನಮಗೆ ಹೇಳಿದರೆ ಸಾಕು.” ಮಿಕ್ಕವರ ಕುತ್ತಿಗೆಯ ಹಗ್ಗವನ್ನೂ ನನ್ನ ಕೈಗೇ ಕೊಟ್ಟ. ಬೇಡ ಅನ್ನುವ ಧೈರ್ಯ ಯಾರಿಗಿತ್ತು? ಆಯಿತು ಎಂದೆ.

ಒಳಗೆ ಅಧಿಕಾರಿ ಒಬ್ಬೊಬ್ಬರನ್ನೇ ಕರೆದು ಮತಪತ್ರ ಕೊಟ್ಟರು. ಮರೆಯಲ್ಲಿ ನಿಂತು ಪೆನ್ ಹಿಡಿದೆ. ಕಾವ್ಯಶ್ರೀಯ ಹೆಸರು ಮೇಲಿತ್ತು, ಪುಟ್ಟಮಲ್ಲಮ್ಮನವರದು ಕೆಳಗೆ. ಮೇಲಿನ ಚೌಕದ ಹತ್ತಿರ ಪೆನ್ ಹೋಯಿತು. ಅಲ್ಲಿ ನನಗೆ ಕಂಡಿದ್ದು ಹಂಗಳದ ರಸ್ತೆ, ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಪಕ್ಕಕ್ಕೆ ನಡೆಯುವ ನನ್ನ ಮಗಳು, ಹಿಂದೆ ಜಲ್ಲಿ ತುಂಬಿದ ಟಿಪ್ಪರ್. ಕೈ ತಾನಾಗಿಯೇ ಕೆಳಗಿಳಿಯಿತು. ಪುಟ್ಟಮಲ್ಲಮ್ಮನ ಚೌಕದ ಕೆಳಗಿನ ಎಡ ಮೂಲೆಯಲ್ಲಿ, ಹೇಳಿದ ಹಾಗೆ, ಚಿಕ್ಕದಾಗಿ ಇಂಟು ಗುರುತು ಹಾಕಿ ಮಡಚಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಜೊತೆಗೆ, ಸದ್ಯ ಮಗಳು ಉಳಿದಳು ಎಂದು ಉಸಿರೂ ಬಂತು.

ಎಣಿಕೆ ಶುರುವಾಯಿತು. ನಾನು ಟೇಬಲ್ಲಿಗೆ ಅಂಟಿಕೊಂಡೇ ನಿಂತೆ. ಅಧಿಕಾರಿ ಒಂದೊಂದೇ ಚೀಟಿ ಬಿಡಿಸಿ, ಹೆಸರು ಓದಿ, ಎರಡು ಕಡೆ ಇಡುತ್ತಾ ಬಂದರು. ಚೌಕ ತುಂಬಿದ ದೊಡ್ಡ ಗುರುತು: ಶಿವಮ್ಮ ಮಾತಿಗೆ ತಪ್ಪಿಲ್ಲ. ಎಡ ಮೂಲೆಯ ಚಿಕ್ಕದು: ನಾನು. ಹಂಚಿದ್ದ ಬೇರೆ ಗುರುತುಗಳೂ ಒಂದಾದ ಮೇಲೊಂದು ಬಂದವು. ಆರಕ್ಕೆ ಆರೂ ಬಂದವು. ಇನ್ನು ಪುಟ್ಟಮಲ್ಲಮ್ಮನವರ ಸ್ವಂತದ್ದೊಂದು ಬಂದರೆ ಮುಗಿಯಿತು ಎಂದುಕೊಂಡೆ.

ಅದು ಬರಲೇ ಇಲ್ಲ. ಕೊನೆಯ ಚೀಟಿಯನ್ನು ಅಧಿಕಾರಿ ಕಾವ್ಯಶ್ರೀಯ ಕಡೆ ಇಟ್ಟು, ಏಳು–ಆರು ಎಂದರು. ಕಾವ್ಯಶ್ರೀ ಗೆದ್ದಿದ್ದಳು. ಆ ಕಡೆಯವರು ಹೋ ಎಂದು ಕೂಗಿದರು. ನನಗೆ ಮಾತ್ರ ಆ ಗದ್ದಲ ಎಲ್ಲೋ ದೂರದಲ್ಲಿ ಕೇಳಿಸುತ್ತಿತ್ತು. ನಮ್ಮ ಆರು ಜನರಲ್ಲಿ ಒಬ್ಬರೂ ತಪ್ಪಿಲ್ಲ. ತಪ್ಪಿದ್ದರೆ ಅದು ಗುರುತೂ ಇಲ್ಲದ, ಆಣೆಯನ್ನೂ ಮಾಡದ ಒಬ್ಬರೇ. ಅಭ್ಯರ್ಥಿಯೇ ತಮ್ಮನ್ನು ತಾವು ಸೋಲಿಸಿಕೊಂಡಿದ್ದರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

ತಿರುಗಿ ನೋಡಿದೆ. ಪುಟ್ಟಮಲ್ಲಮ್ಮ ಕುರ್ಚಿಯಲ್ಲಿ ಬಿಳಿಚಿಕೊಂಡು ಕೂತಿದ್ದರು. ಹಣೆಯ ಬೆವರಿಗೆ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ನಾನು ನೋಡುತ್ತಿರುವುದು ಅವರಿಗೆ ಗೊತ್ತಾಯಿತು. ಕಾಪಾಡು ಅಂತ ಅವರ ಕಣ್ಣು ಕೇಳಲಿಲ್ಲ. ಇನ್ನು ನಿನ್ನಿಷ್ಟ ಎನ್ನುವ ಹಾಗೆ ತಲೆ ತಗ್ಗಿಸಿದರು.

ಆಚೆ ಜೀಪಿನ ಹತ್ತಿರ ನೀಲಕಂಠಸ್ವಾಮಿ ನಿಂತಿದ್ದರು. ಊರಿನ ಜನ ನೋಡುತ್ತಿದ್ದರಿಂದ ಮುಖದಲ್ಲಿ ನಗು ಇತ್ತು. ನಾನು ಹತ್ತಿರ ಹೋದಾಗ ನಗು ಹಾಗೇ ಇಟ್ಟುಕೊಂಡು ಕೇಳಿದರು, “ಯಾರು?”

“ಯಾವ ಗುರುತು ಕಾಣಲಿಲ್ಲ ಮೇಡಂ?” ಎಂದ ದಿಲೀಪ್. ಅವನ ದನಿಯೂ ನಡುಗುತ್ತಿತ್ತು. ಸೋತ ಪ್ಲಾನಿಗೆ ಯಾರು ದುಡ್ಡು ಕೊಡುತ್ತಾರೆ?

ಅಷ್ಟರಲ್ಲಿ ಶಿವಮ್ಮ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದರು. ನೀಲಕಂಠಸ್ವಾಮಿಯ ಕಣ್ಣು ಅವರ ಕಡೆ ತಿರುಗಿತು. “ಈ ಮುದುಕೀನಾ?”

ಅತ್ತ ದರಿ, ಇತ್ತ ಪುಲಿ. ಸರಿಯಾಗಿ ಕಾಣಲಿಲ್ಲ ಎಂದರೆ ಆರು ಮನೆಯ ಬಾಗಿಲನ್ನೂ ಇವರು ತಟ್ಟುತ್ತಾರೆ, ಕೊನೆಗೆ ತಮ್ಮ ಮನೆಗೇ ಬರುತ್ತಾರೆ. ಶಿವಮ್ಮನ ಹೆಸರು ಹೇಳಿದರೆ ಏನೂ ಮಾಡದ ಆ ಜೀವಕ್ಕೆ ನೆಲೆ ಇರುವುದಿಲ್ಲ. ನಿಜ ಹೇಳಿದರೆ ನನಗೇನೂ ಆಗುವುದಿಲ್ಲ, ನನ್ನ ಮಗಳಿಗೂ ಆಗುವುದಿಲ್ಲ. ನಾಲಗೆಯ ತುದಿಗೆ ಬಂದಿತ್ತು ನಿಜ. ಆದರೆ ಇನ್ನೇನು ಕತ್ತಲಾದರೆ ನಾನು ನನ್ನ ಮನೆಗೆ ಹೋಗುವವಳು, ಬಾಗಿಲು ಹಾಕಿಕೊಳ್ಳುವವಳು. ಪುಟ್ಟಮಲ್ಲಮ್ಮ ಇದೇ ಜೀಪು ಹತ್ತಿ, ಈ ಮನುಷ್ಯನ ಜೊತೆಗೇ, ಅದೇ ಮನೆಯ ಒಳಗೆ ಹೋಗಬೇಕು. ಅಲ್ಲಿ ಒಳಗಿನಿಂದ ಚಿಲಕ ಹಾಕುವವರು ಅವರಲ್ಲ.

“ಎಡ ಮೂಲೇದು ಕಾಣ್ಲಿಲ್ಲ,” ಎಂದೆ. “ಕೆಳಗ್ಲುದು.”

ದಿಲೀಪ್ ಹುಬ್ಬುಗಂಟಿಕ್ಕಿದ. “ಅದು ನಿಮ್ಮದೇ ಅಲ್ವಾ ಮೇಡಂ?”

“ಊಂ. ನಂದೇ. ಕಾವ್ಯಶ್ರೀಗೆ ಆಕ್ಬುಟ್ಟೆ.”

ಹಾಕುವ ಧೈರ್ಯ ಇಲ್ಲದ ಮತವನ್ನು ಹಾಕಿದೆ ಎಂದುಬಿಟ್ಟಿದ್ದೆ. ನೀಲಕಂಠಸ್ವಾಮಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ನಗು ಇನ್ನೂ ಹಾಗೇ ಇತ್ತು.

“ಮಾದಪ್ಪನ ಮುಟ್ಟಿ ಆಣೆ ಮಾಡಿದ್ದೆ ತಂಗಿ.”

“ಮಾಡಿದ್ದೆ ಅಣ್ಣ.”

“ಸರಿ ಓಗು. ಮಗೀನ ಕೇಳ್ದೆ ಅನ್ನು.”

ಆಗ ಹಿಂದಿನಿಂದ ಪುಟ್ಟಮಲ್ಲಮ್ಮ ಬಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನ್ನ ಮುಂದೆ ನಿಂತು, ಊರಿಗೇ ಕೇಳುವ ಹಾಗೆ ಬಾಯಿ ತೆಗೆದರು.

“ಥೂ, ನಿನ್ ಬಾಯ್ಗೆ ಮಣ್ಣಾಕ! ನಮ್ಮನೆ ಅನ್ನ ತಿಂದು ನನ್ನೇ ಸೋಲಿಸ್ಬುಟ್ಟಲ್ಲೇ! ನಿನ್ ವಂಸ ಉದ್ಧಾರ ಆದದಾ? ಮಾದಪ್ಪ ನಿನ್ನ ನೋಡ್ಕೊಳ್ದೆ ಬುಟ್ಟಾನಾ?”

ಸೆರಗು ಸಿಕ್ಕಿಸಿಕೊಂಡು ಬೈದರು. ನನ್ನ ತವರನ್ನೂ ಬಿಡಲಿಲ್ಲ. ಯಾವತ್ತೂ ಏರದ ಅವರ ದನಿ ಒಡೆದು, ಬೈಯುತ್ತಾ ಬೈಯುತ್ತಾ ನಿಜವಾಗಿಯೇ ಅಳುತ್ತಿದ್ದರು. ಬೈಯಲಿ, ಇನ್ನೂ ಬೈಯಲಿ, ಗಂಡನಿಗೆ ಎಲ್ಲಿಯೂ ಅನುಮಾನ ಬಾರದಿರಲಿ ಎಂದು ನಾನು ತಲೆ ತಗ್ಗಿಸಿ ನಿಂತೆ. ಸೋತ ಹೆಂಡತಿಯನ್ನು ಕಂಡು ನೀಲಕಂಠಸ್ವಾಮಿಗೆ ಕರುಣೆ ಬಂತೋ ಏನೋ, ಅವರ ಹೆಗಲ ಮೇಲೆ ಕೈ ಇಟ್ಟು, “ಬುಡು, ನಾ ನೋಡ್ಕತಿನಿ ಬಾ,” ಎಂದು ಜೀಪು ಹತ್ತಿಸಿದರು.

ಜೀಪು ತಿರುವು ದಾಟುವವರೆಗೂ ನಾನು ಅಲ್ಲಾಡಲಿಲ್ಲ. ಆಮೇಲೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಹಂಗಳದ ರಸ್ತೆಗೆ ಓಡಿದೆ. ನಯನಾಳ ಬಸ್ಸು ಬರುವುದರೊಳಗೆ ನಾನು ಅಲ್ಲಿರಬೇಕಿತ್ತು.