ಖಾಲಿ ಹೊಟ್ಟೆ

ಇಪ್ಪತ್ತೆರಡು ವರ್ಷ ಆಪರೇಷನ್ ಥಿಯೇಟರಿನಲ್ಲಿ ದುಡಿದ ಸಿಸ್ಟರ್‌ಗೆ ಒಳ್ಳೆಯ ಡಾಕ್ಟರನ್ನು ಹೇಗೆ ಆರಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗಳು ಸಾಕಿದ ಮೊಲ ದುಂಡಿಯ ಗರ್ಭಕೋಶದಲ್ಲಿ ಗಂಟಾಗಿತ್ತು, ತೆಗೆಸಲೇಬೇಕಿತ್ತು. ಆಕೆ ಮೂರು ಕ್ಲಿನಿಕ್ ಸುತ್ತಿದಳು. ಮೊದಲನೆಯವನು "ನಾಯಿ ಬೆಕ್ಕಿಗೆ ಮಾಡಲ್ವಾ, ಹಾಗೇನೇ" ಎಂದ. ಆಕೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅರಿವಳಿಕೆ ಕೊಟ್ಟ ಮೇಲೆ ಉಸಿರು ನೋಡಿಕೊಳ್ಳುವವರು ಯಾರು ಎಂದು ಎರಡನೆಯವನನ್ನು ಕೇಳಿದರೆ "ನಾನೇ" ಎಂದ. ಕೊಯ್ಯುವವನೂ ಅವನೇ, ಉಸಿರೆಣಿಸುವವನೂ ಅವನೇ! ಅಲ್ಲಿಂದಲೂ ಎದ್ದು ಬಂದಳು.

ಮೂರನೆಯ ಡಾಕ್ಟರಮ್ಮನಿಗೆ ಚಿಕ್ಕ ವಯಸ್ಸು, ಮಾತು ಕಡಿಮೆ. ಉಸಿರು, ಎದೆಬಡಿತ ನೋಡಲೆಂದೇ ಅಲ್ಲಿ ಒಬ್ಬ ಸಹಾಯಕಿ ಇದ್ದಳು. ಮೈ ಬೆಚ್ಚಗಿಡುವ ಹಾಸು ಇತ್ತು, ಮೊಲದ ಮೂತಿಗೆ ಹೊಂದುವ ಪುಟ್ಟ ಆಕ್ಸಿಜನ್ ಮಾಸ್ಕ್ ಇತ್ತು. ಇದುವರೆಗೆ ಎಷ್ಟು ಮೊಲ ಸತ್ತಿವೆ ಎಂದು ಸಿಸ್ಟರ್ ಕೇಳಿದಾಗ ಡಾಕ್ಟರಮ್ಮ "ಎರಡು" ಎಂದಳು, ಮುಚ್ಚುಮರೆಯಿಲ್ಲದೆ. ಸಿಸ್ಟರ್ ಮನಸ್ಸು ಅಲ್ಲೇ ಒಪ್ಪಿತು.

"ಒಂದು ವಿಷಯ, ಉಪವಾಸ ಮಾತ್ರ ಕೆಡವಬೇಡಿ," ಎಂದಳು ಡಾಕ್ಟರಮ್ಮ. "ಮೊಲಕ್ಕೆ ವಾಂತಿ ಬರಲ್ಲ, ಆ ಭಯ ಇಲ್ಲ. ಹೊಟ್ಟೆ ಖಾಲಿ ಬಿಟ್ರೇನೇ ಕರುಳು ನಿಂತುಹೋಗುತ್ತೆ. ನಮ್ಮ ಬಾಗಿಲ ತನಕ ಹುಲ್ಲು ತಿಂತಾನೇ ಬರಲಿ."

ಸಿಸ್ಟರ್ ತಲೆಯಾಡಿಸಿದಳು. ಆದರೆ ಮಾತು ಮನಸ್ಸಿಗಿಳಿಯಲಿಲ್ಲ. ತಿಂದದ್ದನ್ನು ಮುಚ್ಚಿಟ್ಟು ಮೇಜಿನ ಮೇಲೆ ಮಲಗಿದ್ದ ರೋಗಿಯೊಬ್ಬ ವಾಂತಿ ಉಸಿರಿಗೆ ಸಿಕ್ಕಿ ನೀಲಿಗಟ್ಟಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ನಿನ್ನೆ ಮೊನ್ನೆ ಓದಿ ಬಂದವಳಿಗೇನು ಗೊತ್ತು? ಹಿಂದಿನ ದಿನ ಸಂಜೆಯೇ ಹುಲ್ಲಿನ ಬುಟ್ಟಿಯನ್ನು ಬೀರುವಿನ ಮೇಲೆ ಎತ್ತಿಟ್ಟಳು. ಮಗಳು "ಪಾಪ ಅಮ್ಮ, ಹಸಿವಾಗಿದೆ ಅದಕ್ಕೆ" ಎಂದು ಗೋಗರೆದರೆ, "ನಿನ್ಗಿಂತ ನಂಗೆ ಗೊತ್ತು, ಸುಮ್ನಿರು" ಎಂದು ಗದರಿದಳು.

ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಮತ್ತೆ ಕೇಳಿದಳು: "ಚೆನ್ನಾಗಿ ತಿಂದಿದೆ ತಾನೆ? ಇಲ್ಲಾಂದ್ರೆ ಇವತ್ತು ಬೇಡ, ನಾಳೆ ಮಾಡೋಣ."

"ತಿಂದಿದೆ."

ಇದೇ ಪ್ರಶ್ನೆಯನ್ನು ಸಾವಿರ ಜನಕ್ಕೆ ಕೇಳಿ, ಅವರ ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದವಳು ಈಕೆ. ಡಾಕ್ಟರಮ್ಮನ ಮಾತು ಮೀರಿದ್ದನ್ನು ಒಪ್ಪಿಕೊಳ್ಳಲು ನಾಲಗೆ ಏಳಲಿಲ್ಲ, ಅಷ್ಟೆ. ಮಗಳು ಈ ಮಾತು ಕೇಳದಷ್ಟು ದೂರ, ಹೊರಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ದುಂಡಿ ಕಣ್ಣೂ ಬಿಟ್ಟಿತು. ಆದರೆ ಹುಲ್ಲು ಮೂಸಲಿಲ್ಲ, ಮರುದಿನ ಒಂದು ಹಿಕ್ಕೆಯನ್ನೂ ಹಾಕಲಿಲ್ಲ. ಡಾಕ್ಟರಮ್ಮ ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡು ಸಿರಿಂಜಿನಲ್ಲಿ ಗಂಜಿ ಕುಡಿಸಿದಳು, ಹೊಟ್ಟೆ ನೀವಿದಳು, ಸೂಜಿ ಕೊಟ್ಟಳು. ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು.

"ಹೋಗ್ಬಿಡ್ತು ಸಿಸ್ಟರ್. ಎಲ್ಲಿ ತಪ್ಪಿದೆ ಅಂತ ನಂಗೇ ತಿಳೀತಿಲ್ಲ. ನಾಳೆಗಿದ್ದ ಇನ್ನೊಂದು ಮೊಲಾನ ಬೇಡ ಅಂದ್ಬಿಟ್ಟೆ. ಧೈರ್ಯ ಬರ್ತಿಲ್ಲ."

"ನಿಮ್ಮ ತಪ್ಪಲ್ಲ ಬಿಡಿ," ಎಂದು ಸಿಸ್ಟರ್ ಫೋನಿಟ್ಟಳು.

ವಿಷಯ ಕೇಳಿದ ಮಗಳು ಅಳಲಿಲ್ಲ, ಬಿಳಿಚಿಕೊಂಡಳು. "ಅಮ್ಮ, ನಾನೇ ಕೊಂದಿದ್ದು. ಕಾರಲ್ಲಿ ನೀನು ನೋಡ್ದೇ ಇದ್ದಾಗ ಒಂದು ಎಲೆ ತಿನ್ಸಿದ್ದೆ."

ಸಿಸ್ಟರ್ ಮಗಳನ್ನು ಹತ್ತಿರ ಎಳೆದುಕೊಂಡಳು. ಈಗ ಸುಮ್ಮನಿದ್ದರೆ ಈ ಮಗು ಆ ಎಲೆಯನ್ನು ಸಾಯುವ ತನಕ ಹೊರುತ್ತದೆ. "ಇಲ್ಲ ಕಂದಾ. ನೀನು ಮಾಡಿದ್ದೇ ಸರಿ. ಉಪವಾಸ ಕೆಡವಿ ಸಾಯಿಸಿದ್ದು ನಾನು. ತಿಂದಿದೆ ಅಂತ ಸುಳ್ಳು ಹೇಳಿದ್ದೂ ನಾನೇ."

ಮಗಳು ಫೋನ್ ತಂದು ತಾಯಿಯ ಕೈಗಿಟ್ಟಳು. "ಡಾಕ್ಟರಮ್ಮಂಗೂ ಹೇಳು."

ಸಿಸ್ಟರ್ ಹೇಳಿದಳು, ಒಂದನ್ನೂ ಬಿಡದೆ. ಡಾಕ್ಟರಮ್ಮನ ದನಿ, ಪಕ್ಕದಲ್ಲಿದ್ದ ಮಗಳಿಗೂ ಕೇಳಿಸುವಷ್ಟು ಸ್ಪಷ್ಟವಾಗಿ ಬಂತು.

"ಒಂದೇ ಒಂದು ದಿನ ಮುಂದಕ್ಕೆ ಹಾಕಿದ್ರೆ ಸಾಕಾಗಿತ್ತಲ್ಲ ಸಿಸ್ಟರ್."