ಅಲ್ಪವಿರಾಮರ ‘ಇರಲಿ’

ನಾಲ್ಕು ಹೆಜ್ಜೆ ನಡೆದು ನಿಲ್ಲುವುದು, ತಲೆಯೆತ್ತಿ ಅಂಗಡಿಯ ಫಲಕವನ್ನು ಒಂದಕ್ಷರ ಬಿಡದೆ ಓದುವುದು, ತಪ್ಪು ಕಂಡರೆ ನಾಲಿಗೆಯನ್ನು ಅಂಗುಳಿಗೆ ತಾಗಿಸಿ ‘ಚ್ಚ್’ ಎನ್ನುವುದು, ಮತ್ತೆ ನಾಲ್ಕು ಹೆಜ್ಜೆ. ಈ ನಡಿಗೆಯ ದೆಸೆಯಿಂದಲೇ ನಮ್ಮ ಗೆಳೆಯರ ಬಳಗದಲ್ಲಿ ಅವರಿಗೆ ಅಲ್ಪವಿರಾಮ ಎಂಬ ಹೆಸರು ನಿಂತುಬಿಟ್ಟಿತು. ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದ ಮನುಷ್ಯ. ಸುಡುಬೇಸಿಗೆಯಲ್ಲೂ ಬಿಡದ ಬೂದು ಕೋಟು, ಅದರ ಎದೆಜೇಬಿನಲ್ಲಿ ಎರಡೂ ತುದಿ ಹೆರೆದ ಕೆಂಪು ಪೆನ್ಸಿಲು. ಒಂದು ತುದಿ ಮೊಂಡಾಯಿತೆಂದು ತಪ್ಪು ಕಾಯುತ್ತ ಕೂರುತ್ತದೆಯೇ ಎಂಬುದು ಅವರ ವಾದ. ಮದುವೆಗೆ ಮುಂಚೆ ತಾವು ಬರೆದ ಪ್ರೇಮಪತ್ರ ಕೆಂಪು ಗುರುತುಗಳ ಸಮೇತ ತಮಗೇ ಹಿಂದಿರುಗಿದ್ದನ್ನು ಅವರ ಹೆಂಡತಿ ಈಗ ನಗುನಗುತ್ತಾ ಹೇಳುತ್ತಾರೆ, ಅಂದು ನಕ್ಕಿರಲಿಲ್ಲವಂತೆ.

ಕರಡು ತಿದ್ದುವವರಲ್ಲಿ ಒಂದು ಸಂಕೇತವಿದೆ. ಹೊಡೆದುಹಾಕಬಾರದ ಪದವನ್ನು ಹೊಡೆದುಹಾಕಿದ್ದರೆ, ಅದರ ಕೆಳಗೆ ಸಾಲಾಗಿ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯಬೇಕು. ತಪ್ಪು ಪದದ್ದಲ್ಲ, ತಿದ್ದಿದವನದು ಎಂದು ಅದರ ಅರ್ಥ. ಇಡೀ ವೃತ್ತಿಜೀವನದಲ್ಲಿ ತಾವು ಅದನ್ನು ಬರೆದದ್ದು ಎರಡೇ ಸಲ ಎಂದು ಅಲ್ಪವಿರಾಮರು ಎದೆಯುಬ್ಬಿಸಿ ಹೇಳುತ್ತಿದ್ದರು. ಎರಡು ಸಲವೂ ಜ್ವರವಿತ್ತಂತೆ.

ಅವರೂ ನಮ್ಮ ಬಳಗದ ದಂತವೈದ್ಯರೊಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ವೈದ್ಯರು ಸ್ವಂತ ಚಿಕಿತ್ಸಾಲಯ ತೆರೆದ ದಿನ ಗಣ್ಯರೆಲ್ಲ ನೆರೆದಿದ್ದರು. ಫಲಕದ ಮೇಲಿನ ಪರದೆ ಸರಿದು ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ‘ಚ್ಚ್’ ಎಂಬ ಸದ್ದು ಕೇಳಿಸಿತು.

“ಲೋ, ‘ಹಲ್ಲಿನ ಚಿಕಿತ್ಸಾಲಯ’ ಅಂತ ಇರಬೇಕಾದ ಕಡೆ ‘ಹಲ್ಲಿಯ ಚಿಕಿತ್ಸಾಲಯ’ ಅಂತ ಬರೆಸಿದ್ದೀಯಲ್ಲೋ! ನಾಳೆಯಿಂದ ಗೋಡೆ ಮೇಲಿರೋ ಹಲ್ಲಿಗಳೆಲ್ಲ ಸಾಲುಗಟ್ಟಿ ಬರ್ತವೆ ನೋಡು!”

ಸಭೆ ಬಿದ್ದು ಬಿದ್ದು ನಕ್ಕಿತು. ವೈದ್ಯರು ನಗಲಿಲ್ಲ. ಆ ಸಂಜೆ ಗೆಳೆಯನ ಜೊತೆ ತೆರೆಯಲೆಂದು ಆಸೆಯಿಂದ ತರಿಸಿದ್ದ ಶಾರ್ಡೊನೆ ಎಂಬ ಬಿಳಿ ವೈನಿನ ಬಾಟಲಿಯನ್ನು, ಇಕ್ಕಳ ಚಿಮಟಗಳನ್ನು ಕುದಿಸುವ ಪಾತ್ರೆಯ ಮೇಲಿನ ಕಪಾಟಿಗೆ ತಳ್ಳಿ ಬಾಗಿಲು ಹಾಕಿದರು. ಆಮೇಲೆ ಎರಡು ವರ್ಷ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಅಲ್ಪವಿರಾಮರು ಆ ಬೀದಿಗೇ ಹೋಗುವುದನ್ನು ಬಿಟ್ಟು, ಹಲ್ಲುನೋವು ಬಂದಾಗ ಲವಂಗ ಕಚ್ಚಿಕೊಂಡು ಕಾಲ ತಳ್ಳಿದರು.

ಕೊನೆಗೆ ಸೋತು ಊಟಕ್ಕೆ ಕರೆದವರು ವೈದ್ಯರೇ. ಕೈ ಮಿಲಾಯಿಸಿದರೆ ಬಿಡಿಸುವುದಕ್ಕಿರಲಿ ಎಂದು ನನ್ನನ್ನೂ ಕರೆದಿದ್ದರು. ಬಾಗಿಲಲ್ಲೇ ಅಲ್ಪವಿರಾಮರ ಹೆಂಡತಿ ಗಂಡನ ಕೋಟು ಹಿಡಿದು ನಿಲ್ಲಿಸಿದರು.

“ರೀ, ಇವತ್ತು ಏನು ಕೊಟ್ರೂ ಚೆನ್ನಾಗಿದೆ ಅನ್ನಿ. ಆ ಪೆನ್ಸಿಲು ಇಲ್ಲಿ ಕೊಡಿ.”

“ಪೆನ್ಸಿಲು ಕೊಡಲ್ಲ. ಬೇಕಾದ್ರೆ ಬಾಯಿಗೆ ಬೀಗ ಹಾಕ್ಕೋತೀನಿ.”

ಊಟದ ಮೇಜಿನ ಮೇಲೆ ಪ್ರತಿ ತಟ್ಟೆಯ ಪಕ್ಕದಲ್ಲೂ ವೈದ್ಯರು ಸ್ವಹಸ್ತದಿಂದ ಬರೆದ ಚೀಟಿ: ಸೂಪು, ಬೇಯಿಸಿದ ಮೀನು, ‘ಚಾರ್ಡೊನ್ನೆ’. ಬಾಟಲಿಯನ್ನು ಮಗುವಿನಂತೆ ಎತ್ತಿಕೊಂಡು ಬಂದು ಎಲ್ಲರಿಗೂ ಸುರಿದರು. “ಎರಡು ವರ್ಷದಿಂದ ನಿನಗೋಸ್ಕರ ಕಾದಿದೆ ಕಣೋ,” ಎಂದರು.

ಗುಟುಕರಿಸಿದೆ. ಮಳೆಯಲ್ಲಿ ನೆನೆದ ರಟ್ಟಿನ ವಾಸನೆ, ಅದರ ಬೆನ್ನಿಗೇ ಕೊಳೆತ ಸೇಬಿನ ರುಚಿ. ಎರಡು ವರ್ಷ ಹಬೆ ಕುಡಿದ ವೈನು ಇನ್ನೇನಾದೀತು? ನಾನು ‘ಆಹಾ’ ಎಂದುಬಿಟ್ಟೆ. ಅಲ್ಪವಿರಾಮರೋ, ಹಿಂದೊಮ್ಮೆ ಅಡುಗೆ ಪುಸ್ತಕದ ಕರಡು ತಿದ್ದಿ, ಶಾರ್ಡೊನೆಯಲ್ಲಿ ಹಸಿರು ಸೇಬಿನ ಪರಿಮಳವೂ ಬೆಣ್ಣೆಯ ನುಣುಪೂ ಇರತಕ್ಕದ್ದೆಂದು ಬಲ್ಲವರು. ಗುಟುಕನ್ನು ಬಾಯಲ್ಲಿ ಹೊರಳಿಸಿ ಕಣ್ಣು ಮುಚ್ಚಿದರು. ಬಾಯಿಯ ಬೀಗ ಭದ್ರವಾಗಿಯೇ ಇತ್ತು; ಕೈಗೆ ಬೀಗ ಹಾಕಿದವರು ಯಾರು? ಅದು ತಾನಾಗಿ ಎದೆಜೇಬಿಗೆ ಹೋಯಿತು, ಚೀಟಿಯಲ್ಲಿ ತಪ್ಪಾಗಿ ಬರೆದಿದ್ದ ‘ಚಾರ್ಡೊನ್ನೆ’ಯ ಮೇಲೆ ಸರ್ರನೆ ಕೆಂಪು ಗೆರೆ ಬಿತ್ತು.

ವೈದ್ಯರ ಮುಖ ಪರದೆ ಸರಿದ ದಿನದ ಮುಖವಾಯಿತು. ಇನ್ನು ಈ ಗೆಳೆತನ ಮುಗಿದಂತೆಯೇ ಎಂದುಕೊಂಡೆ. ಅಲ್ಪವಿರಾಮರು ಆ ಮುಖವನ್ನು ಫಲಕ ಓದುವಂತೆಯೇ ಒಂದಕ್ಷರ ಬಿಡದೆ ಓದಿದರು. ಆಮೇಲೆ ಹೊಡೆದುಹಾಕಿದ ಪದದ ಕೆಳಗೆ ಒಂದೊಂದಾಗಿ ಚುಕ್ಕಿಯಿಟ್ಟು, ಅಂಚಿನಲ್ಲಿ ‘ಇರಲಿ’ ಎಂದು ಬರೆದು, ಪೆನ್ಸಿಲನ್ನು ಹೆಂಡತಿಯ ಕೈಗಿತ್ತರು.

ನನಗೂ ಆಕೆಗೂ ಅದರ ಅರ್ಥ ತಿಳಿಯಿತು. ಆದರೆ ಹಲ್ಲು ಕೀಳುವವರಿಗೆ ಕರಡಿನ ಭಾಷೆ ಎಲ್ಲಿಂದ ತಿಳಿಯಬೇಕು? ವೈದ್ಯರು ಚೀಟಿ ಓದಿ ಅರಳಿಬಿಟ್ಟರು.

“ಇನ್ನೂ ಇರಲಿ ಅಂತೀಯಾ? ಬಾಯಿಬಿಟ್ಟು ಕೇಳೋಕೇನೋ ನಾಚಿಕೆ!” ಎಂದು ಲೋಟದ ಅಂಚಿನವರೆಗೂ ಸುರಿದರು.

ನಾಲ್ಕು ಗುಟುಕಿಗೊಮ್ಮೆ ನಿಲ್ಲುತ್ತಾ ಅಲ್ಪವಿರಾಮರು ಅಷ್ಟನ್ನೂ ಕುಡಿದರು. ಆಗ ವೈದ್ಯರು ತಮ್ಮ ಲೋಟವನ್ನು ಬಾಯಿಗಿಟ್ಟರು.

“ಥೂ! ಕೆಟ್ಟುಹೋಗಿದೆಯಲ್ಲೋ ಇದು! ನೀನ್ಯಾಕೋ ಹೇಳಲಿಲ್ಲ?”

“ಕೆಡಿಸಿದ್ದು ನಾನೇ ಅಲ್ವೇನೋ? ಅವತ್ತೇ ಕುಡಿದಿದ್ರೆ ಚೆನ್ನಾಗಿರ್ತಿತ್ತು.”

ವೈದ್ಯರು ಲೋಟ ಕೆಳಗಿಟ್ಟರು. ದೀಪವನ್ನು ಹತ್ತಿರಕ್ಕೆಳೆದುಕೊಂಡರು. “ಆಗಿನಿಂದ ಎಡಗಡೇಲೇ ಅಗೀತಿದ್ದೀಯ. ಬಾಯಿ ತೆಗಿ, ನೋಡ್ತೀನಿ.”

ಆ ಚೀಟಿ ಈಗ ವೈದ್ಯರ ಮೇಜಿನ ಗಾಜಿನಡಿ ಇದೆ. ತಪ್ಪು ಹುಡುಕುವವರೆಂದರೆ ನಾವು ಮಾರು ದೂರ ಸರಿಯುತ್ತೇವೆ. ಅವರಿಗೆ ಹೃದಯವಿಲ್ಲ, ಬರೀ ಕಣ್ಣಿದೆ ಎನ್ನುತ್ತೇವೆ. ಆದರೆ ಕಂಡದ್ದನ್ನೆಲ್ಲ ಹೊಗಳುವ ನನ್ನಂಥವರ ಕ್ಷಮೆಗೆ ಕವಡೆಯ ಬೆಲೆಯೂ ಇಲ್ಲ. ಒಂದು ಕೊಂಬು ತಪ್ಪಿದರೂ ನಿದ್ದೆಗೆಡುವ ಈ ಜಾತಿಯ ಮನುಷ್ಯರು ಕಣ್ಣೆದುರಿಗಿನ ತಪ್ಪನ್ನು ನುಂಗಿ ‘ಇರಲಿ’ ಎಂದರೆ, ಅದು ಪ್ರೀತಿಯಲ್ಲದೆ ಬೇರೇನೂ ಆಗಿರಲಾರದು. ಅಂದು ನನ್ನ ‘ಆಹಾ’ಕ್ಕೆ ವೈದ್ಯರು ತಲೆಯೆತ್ತಿಯೂ ನೋಡಿರಲಿಲ್ಲ.