ಪಾತ್ರೆಯಿಲ್ಲದ ಬಟ್ಟೆ

“ಮೂರು ಪ್ಯಾಂಟು, ಎರಡು ಸೀರೆ, ಇಷ್ಟಕ್ಕೂ ಬರೀ ಈ ಚೋಟುದ್ದ ಡಬ್ಬಿನಾ? ಕಳ್ಳಿ! ಹಗಲುದರೋಡೆ ಮಾಡೋಕೇ ಹುಟ್ಟಿರೋ ಜಾತಿ ನಿಮ್ದು!”

ತೃಪ್ತಿಬೆನ್ ಹೊಸ್ತಿಲ ಒಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ನಾನು ಹೊಸ್ತಿಲ ಹೊರಗೆ, ಚಪ್ಪಲಿ ಗೂಡಿನ ಪಕ್ಕದಲ್ಲಿ, ನೆಲದ ಮೇಲೆ. ನಮ್ಮಿಬ್ಬರ ನಡುವೆ ನನ್ನ ಬುಟ್ಟಿಯಲ್ಲಿ ಹೊಸ ಸ್ಟೀಲ್ ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು.

“ಬೈಯಿರಿ ಬೆನ್, ಬಾಯ್ತುಂಬ ಬೈಯಿರಿ,” ಎಂದೆ. “ಆದ್ರೆ ಈ ಪ್ಯಾಂಟ್ ಒಸಿ ಬೆಳಕಿಗೆ ಹಿಡ್ದು ನೋಡಿ. ನಿಮ್ ಯಜಮಾನ್ರು ಕೂತಿದ್ದೇ ಕೂತಿದ್ದು, ಕುಂಡಿ ಜಾಗ ಸೊಳ್ಳೆಪರದೆ ಆಗೈತೆ.”

ಅವಳಿಗೆ ನಗು ಬಂತು. ನಕ್ಕರೆ ಚೌಕಾಸಿಯಲ್ಲಿ ಸೋತಂತೆ, ಅದಕ್ಕೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಬಾಯಿ ಮುಚ್ಚೇ ಮುಂಡೆ! ಒಂದು ಸೌಟು ಸೇರಿಸು, ಕೊಡ್ತೀನಿ.”

“ಸೌಟು ಸೇರ್ಸಿದ್ರೆ ನನ್ ಮಕ್ಳು ಅದನ್ನೇ ನೆಕ್ಕಂಡು ಮಲೀಕಬೇಕು.”

ಆಮೇಲೆ ಸೌಟು ಸೇರಿಸಿದೆ. ಸೇರಿಸಬೇಕೆಂದೇ ಬುಟ್ಟಿಯ ತಳದಲ್ಲಿ ಇಟ್ಟಿದ್ದೆ. ತಾನು ಗೆದ್ದೆ ಎಂದು ಅವಳು ಒಳಗೆ ಹೋದಳು, ನಾನು ಗೆದ್ದೆ ಎಂದು ನಾನು ಮೆಟ್ಟಿಲಿಳಿದೆ. ಲಿಫ್ಟು ನಮಗಲ್ಲ.

ಅಹಮದಾಬಾದಿನಲ್ಲಿ ನಮ್ಮ ಹೆಂಗಸರ ಕಸುಬೇ ಇದು, ಹಳೇ ಬಟ್ಟೆಗೆ ಹೊಸ ಪಾತ್ರೆ. ಒಯ್ದ ಬಟ್ಟೆಯನ್ನು ಒಗೆದು, ಗುಂಡಿ ಹೊಲಿದು, ಕಾಲರು ಮಗುಚಿ, ಭಾನುವಾರ ನದಿದಂಡೆಯ ಗುಜರಿ ಸಂತೆಯಲ್ಲಿ ಹರಡುತ್ತೇವೆ. ಇಟ್ಟಿಗೆ ಭಟ್ಟಿಯವರು ಕೊಳ್ಳುತ್ತಾರೆ, ಗಾರೆ ಕೆಲಸದವರು ಕೊಳ್ಳುತ್ತಾರೆ. ಉಡಲಾಗದ್ದು ಚೀಲವಾಗುತ್ತದೆ, ಚೀಲಕ್ಕೂ ಆಗದ್ದು ಗ್ಯಾರೇಜಿನಲ್ಲಿ ಎಣ್ಣೆ ಒರೆಸುತ್ತದೆ. ನಮ್ಮ ಕೈಗೆ ಬಂದ ಬಟ್ಟೆ ಕಸದ ಗುಡ್ಡ ನೋಡಿದ್ದು ಬಹಳ ಕಡಿಮೆ. ಇದಕ್ಕೆಲ್ಲ ಊರಿನವರು ನಮಗೆ ಕೊಟ್ಟ ಹೆಸರು ‘ವಾಘರಿ’. ಯಾರಾದರೂ ಗಲೀಜಾಗಿದ್ದರೆ, ಕಿರುಚಿದರೆ, ಕದ್ದರೆ ಬೈಯಲು ಅದೇ ಹೆಸರು. ನಾವು ದೇವಿಪೂಜಕರು ಎಂದು ಹೇಳಿಕೊಳ್ಳುತ್ತೇವೆ, ಕೇಳುವವರು ಯಾರು?

ಸಂಕ್ರಾಂತಿಯ ಉತ್ತರಾಯಣ ಹಬ್ಬ ಮುಗಿದು ಗಾಳಿಪಟದ ದಾರ ಇನ್ನೂ ಮರಗಳಲ್ಲಿ ಜೋತಾಡುತ್ತಿದ್ದಾಗ ಒಂದು ಬೆಳಿಗ್ಗೆ ತೃಪ್ತಿಬೆನ್ ಇದ್ದ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ತಿವಾರಿ ಕೋಲು ಅಡ್ಡ ಹಿಡಿದ.

“ಒಳಗೆ ಬಿಡಂಗಿಲ್ಲ ಕಂಕುಬೆನ್. ಸೆಕ್ರೆಟರಿ ಹುಕುಂ.”

ಗೇಟಿನೊಳಗೆ ಆಳೆತ್ತರದ ಒಂದು ಹಸಿರು ಡಬ್ಬಿ ನಿಂತಿತ್ತು. ಅದರ ಮೇಲೆ ಒಂದು ಎಲೆಯ ಚಿತ್ರ. ಎಲೆಗೆ ಕಣ್ಣಿತ್ತು, ಹಲ್ಲಿತ್ತು, ಹಲ್ಲು ಕಿರಿದು ನಗುತ್ತಿತ್ತು.

ಸೆಕ್ರೆಟರಿ ಪರಾಗ್‌ಭಾಯಿ ವಾಕಿಂಗ್ ಮುಗಿಸಿ ಬಂದವನು ಬೂಟಿನ ತುದಿಯಿಂದ ನನ್ನ ಬುಟ್ಟಿಯನ್ನು ನೂಕಿದ. “ಸೊಸೈಟಿ ಈಗ ಝೀರೋ ವೇಸ್ಟ್. ಹಳೇ ಬಟ್ಟೆ ಎಲ್ಲಾ ಈ ಡಬ್ಬಿಗೆ. ನಿಮ್ಮಂಥೋರು ಮಹಡಿ ಮಹಡಿ ಸುತ್ತಿ ಚಪ್ಪಲಿ ಎತ್ಕೊಂಡು ಹೋಗೋದು ಬಂದ್.”

“ಯಾರ್ ಚಪ್ಪಲಿ ಎತ್ತಿವ್ನಿ ಹೇಳಿ ಸಾಹೇಬ್ರೆ?”

“ಎದುರು ಮಾತಾಡ್ತೀಯೇನೇ? ತಿವಾರಿ, ಎಸಿ ಇವಳ ಬುಟ್ಟೀನ ಆಚೆ!”

ತಿವಾರಿ ಎಸೆಯಲಿಲ್ಲ, ಎತ್ತಿ ಚರಂಡಿಯ ಆಚೆ ಇಟ್ಟ. ಆದರೂ ಒಂದು ಮುಚ್ಚಳ ಉರುಳಿ ಕೊಚ್ಚೆಗೆ ಬಿತ್ತು. ನಾನು ಅದನ್ನು ತೆಗೆದು ಸೆರಗಿನಿಂದ ಒರೆಸುತ್ತಾ ನಿಂತೆ. ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ.

ನಮ್ಮಲ್ಲಿ ಬೀದಿಗಳು ಹೆಂಗಸರ ಆಸ್ತಿ. ಅತ್ತೆ ಸೊಸೆಗೆ ಕೊಡುತ್ತಾಳೆ. ನಾನು ಮದುವೆಯಾಗಿ ಬಂದಾಗ ಅತ್ತೆ ಜೀವಿಬಾ ಚೂರು ಚಿನ್ನ ಹಾಕಲಿಲ್ಲ. ಇಲ್ಲಿಗೆ ಕರೆದುಕೊಂಡು ಬಂದು, “ಈ ಗೇಟು ಇನ್ಮ್ಯಾಕೆ ನಿಂದು ಕಣಮ್ಮಿ,” ಎಂದಳು. ಪಕ್ಕದ ಗೇಟು ಲೀಲುವಿನದು, ಅದರಾಚೆಯದು ಇನ್ನೊಬ್ಬಳದು. ಅಲ್ಲಿಗೆ ನಾನು ಕಾಲಿಡುವಂತಿಲ್ಲ. ಇದು ಮುಚ್ಚಿದರೆ ನನ್ನ ಒಲೆಯೂ ಆರಿದಂತೆ.

ಅಷ್ಟರಲ್ಲಿ ತೃಪ್ತಿಬೆನ್ ಬಂದಳು. ಡಬ್ಬಿಯ ಉಸ್ತುವಾರಿ ಅವಳದ್ದೇ.

“ಬೇಜಾರು ಮಾಡ್ಕೋಬೇಡ ಕಂಕು. ಇದು ಭೂಮಿ ಉಳಿಸೋ ಕೆಲಸ. ಭಾನುವಾರ ಫಂಕ್ಷನ್ ಇದೆ, ನಿಮ್ಮೋರು ಐದಾರು ಜನಾನ ಕರ್ಕೊಂಡು ಬಾ. ಬಡವರು ಅಂತ ಯಾರಾದ್ರೂ ಬೇಕಲ್ಲ! ಬಟ್ಟೆ ಎಲ್ಲಾ ನಿಮಗೇ ಹಂಚ್ತೀವಿ. ಬಿಟ್ಟಿ! ಪಾತ್ರೆ ಗೀತ್ರೆ ಏನೂ ತರಬೇಡ.” ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಈ ಸೀರೆ ಬೇಡ, ಇನ್ನೂ ಹಳೇದು ಉಟ್ಕೊಂಡು ಬಾ. ಫೋಟೋಗೆ ಚೆನ್ನಾಗಿರುತ್ತೆ.”

“ಇದು ನಿಮ್ದೇ ಬೆನ್. ಹೋದ ದಿವಾಳಿಗೆ ಹಾಲಿನ ತಪ್ಪಲೆಗೆ ಕೊಟ್ಟಿದ್ರಲ್ಲ.”

“ಅಯ್ಯೋ ಹೌದಾ? ಇನ್ನೂ ಎಷ್ಟು ಚೆನ್ನಾಗಿದೆ! ಕೊಡಬಾರದಾಗಿತ್ತು.”

ಮನೆಗೆ ಬಂದಾಗ ಜೀವಿಬಾ ಹಗ್ಗದ ಮಂಚದ ಮೇಲೆ ಕುಳಿತು ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಎಲ್ಲ ಹೇಳಿದೆ. ಅವಳು ಸೂಜಿ ನಿಲ್ಲಿಸಿದ್ದು ಒಂದೇ ಮಾತಿಗೆ.

“ಬಿಟ್ಟಿ? ಬಟ್ಟೆ ಬಿಟ್ಟಿ ಕೊಡೋದು ಹೆಣ ಎದ್ದ ಮನೇಲಿ ಕಣೇ. ಅಲ್ಲಿ ಯಾವನು ಸತ್ತ?”

ನಮ್ಮವರಲ್ಲಿ ಅದು ಹಾಗೇ. ಪಾತ್ರೆ ಕೊಡದೆ ತೆಗೆದುಕೊಂಡ ಬಟ್ಟೆ ಹೆಣದ ಬಟ್ಟೆ. ಚಿಂದಿಯೇ ಆಗಲಿ, ಒಂದು ಚಮಚವನ್ನಾದರೂ ಕೊಟ್ಟೇ ಎತ್ತುತ್ತೇವೆ.

“ಏನೂ ತರಬ್ಯಾಡ ಅಂದವ್ರೆ ಅತ್ತೆ.”

“ಅಂದ್ರೆ ಅಂದ್ಕಳ್ಳಿ. ಅವ್ರಪ್ಪನ ಮನೆ ಶಾಸ್ತ್ರ ಅವ್ರಿಗೆ, ನಮ್ದು ನಮ್ಗೆ. ಬರಿಗೈಲಿ ಹೋದ್ರೆ ಈ ಮನೆ ಹೊಸ್ಲು ತುಳೀಬ್ಯಾಡ.” ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿದು ಮುಂದಿನ ಗುಂಡಿ ಹುಡುಕತೊಡಗಿದಳು.

ಸಂಜೆ ಲೀಲುವಿಗೂ ನಮ್ಮ ಕಸುಬಿನ ಇನ್ನು ನಾಲ್ವರಿಗೂ ಹೇಳಿದೆ. ಲೀಲು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಇವತ್ತು ನಿನ್ ಗೇಟು, ನಾಳೆ ನನ್ ಗೇಟಿಗೂ ಆ ಹಲ್ಲಿನ ಎಲೆ ಬತ್ತದೆ. ನಡಿಯಮ್ಮಿ.”

ಆ ಭಾನುವಾರ ನಾವು ಗುಜರಿಗೆ ಹೋಗಲಿಲ್ಲ. ಪೆಟ್ಟಿಗೆಯಲ್ಲಿದ್ದ ಒಳ್ಳೇ ಸೀರೆ ಉಟ್ಟು, ಇದ್ದಬದ್ದ ಪಾತ್ರೆಯನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಹೊರಟೆವು. ತಿವಾರಿ ಬುಟ್ಟಿಗಳನ್ನು ನೋಡಿದ. “ಪಾತ್ರೆ ತರಬ್ಯಾಡಿ ಅಂದಿದ್ರು.”

“ಪ್ರಸಾದ ಇಸ್ಕಳಕ್ಕೆ ಕಣಣ್ಣ.”

ಅವನು ಆಕಾಶ ನೋಡುತ್ತಾ ಗೇಟು ತೆಗೆದ.

ಒಳಗೆ ಭೂಮಿ ಉಳಿಸುವ ಕೆಲಸ ಜೋರಾಗಿ ನಡೆದಿತ್ತು. ವೇದಿಕೆಯ ಹಿಂದೆ ಮನೆಯಗಲದ ಪ್ಲಾಸ್ಟಿಕ್ ಬ್ಯಾನರು, ಪ್ರತಿ ಕುರ್ಚಿಗೆ ಒಂದೊಂದು ಪುಟ್ಟ ನೀರಿನ ಬಾಟಲಿ, ಥರ್ಮಾಕೋಲ್ ತಟ್ಟೆಯಲ್ಲಿ ಕಡಲೆಹಿಟ್ಟಿನ ಗಾಂಠಿಯಾ. ಡಬ್ಬಿಯ ಬಟ್ಟೆಯನ್ನೆಲ್ಲ ವೇದಿಕೆಯ ಮೇಲೆ ರಾಶಿ ಹಾಕಿದ್ದರು. ನಮ್ಮನ್ನು ವೇದಿಕೆಯ ಬುಡದಲ್ಲಿ ನೆಲದ ಮೇಲೆ ಕೂರಿಸಿದರು. ಕುರ್ಚಿ ಇನ್ನೂ ಎಷ್ಟೋ ಖಾಲಿ ಇದ್ದವು.

ಮುಖ್ಯ ಅತಿಥಿ ಮೇಡಂ ಕಪ್ಪು ಕನ್ನಡಕ ತೆಗೆಯದೆ ಭೂಮಿತಾಯಿಯ ಬಗ್ಗೆ ಮಾತಾಡಿದಳು. ಆಮೇಲೆ ತೃಪ್ತಿಬೆನ್ ಮೈಕಿನಲ್ಲಿ, “ಈಗ ನಮ್ಮ ಬಡ ಸೋದರಿಯರಿಗೆ ವಸ್ತ್ರದಾನ,” ಎಂದು ನನ್ನನ್ನು ಮೇಲೆ ಕರೆದಳು. ಬುಟ್ಟಿ ಸಮೇತ ಹತ್ತಿದೆ.

“ಏ ಅಮ್ಮಾ, ಬುಟ್ಟಿ ಇಳಿಸು. ಕೈ ಚಾಚು, ಇನ್ನೂ ಸ್ವಲ್ಪ ಚಾಚು,” ಎಂದ ಫೋಟೋದವನು. “ಮುಖ ಒಂಚೂರು ಬಾಡಿಸ್ಕೋ.”

ಮೇಡಂ ಒಂದು ನೀಲಿ ಸೀರೆ ಹಿಡಿದು ನಿಂತಳು. ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

“ಯಾರು ಹೋದ್ರು ಬೆನ್?”

“ಏನು?”

“ಸೀರೆ ಬಿಟ್ಟಿ ಕೊಡ್ತಿದೀರಲ್ಲ, ಅದ್ಕೆ. ನಿಮ್ಮನೇಲಿ ಯಾರು ಸತ್ರು ಅಂತ ಕೇಳ್ದೆ.”

ಮೈಕು ತೃಪ್ತಿಬೆನ್ ಕೈಯಲ್ಲೇ ಇತ್ತು, ಮಾತು ಕೊನೇ ಸಾಲಿನವರೆಗೂ ಕೇಳಿಸಿತು. ಮುಂದೆ ಕುಳಿತಿದ್ದ ಮುದುಕರೊಬ್ಬರಿಗೆ ಗಾಂಠಿಯಾ ನೆತ್ತಿಗೆ ಹತ್ತಿತು. ಪರಾಗ್‌ಭಾಯಿ ಓಡಿ ಬಂದ. “ಏಯ್! ಏನು ಬೊಗಳ್ತಿದೀಯ ವಾಘರಿ ಮುಂಡೆ?”

“ಬೊಗಳ್ತಿಲ್ಲ ಸಾಹೇಬ್ರೆ. ನಮ್ಮಲ್ಲಿ ಬಿಟ್ಟಿ ಬಟ್ಟೆ ಅಂದ್ರೆ ಹೆಣದ ಬಟ್ಟೆ. ನೀವೆಲ್ಲಾ ನೂರ್ ವರ್ಸ ಬದುಕ್ರಪ್ಪ. ನಾವು ಕೊಟ್ಟೇ ತಗಳೋರು.”

ಬುಟ್ಟಿಯಿಂದ ಹಾಲಿನ ತಪ್ಪಲೆ ತೆಗೆದು ಮೇಡಂ ಕೈಗೆ ಇಟ್ಟೆ. ಹೊಸ ಪಾತ್ರೆ ಕೈಗೆ ಬಂದರೆ ಯಾರ ಬೆರಳಾದರೂ ತಾನಾಗಿ ಮಡಚಿಕೊಳ್ಳುತ್ತದೆ. ಅವಳು ಹಿಡಿದುಕೊಂಡಳು, ನಾನು ಸೀರೆ ತೆಗೆದುಕೊಂಡೆ.

“ಕೈಗೆ ಪಾತ್ರೆ ಬಂತು, ಯಾಪಾರ ಮುಗೀತು,” ಎಂದೆ. “ಇದು ಬೋಣಿ. ಬರ್ರೇ, ಹತ್ರೇ!”

ಐವರೂ ಹತ್ತಿದರು. ಬುಟ್ಟಿಗಳನ್ನು ಬೋರಲು ಹಾಕಿದೆವು. ಬಾಣಲೆ, ಡಬ್ಬಿ, ತಟ್ಟೆ, ಲೋಟ ವೇದಿಕೆಯ ತುಂಬ ಠಣಠಣ ಉರುಳಿದವು. ರಾಶಿಯಲ್ಲಿದ್ದ ಬೆಡ್‌ಶೀಟುಗಳನ್ನೇ ಹಾಸಿ ಬಟ್ಟೆಯನ್ನೆಲ್ಲ ಗಂಟು ಕಟ್ಟಿದೆವು. ಗಂಟು ಕಟ್ಟುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಫೋಟೋದವನು ಮಾತ್ರ ಬಿಡದೆ ಚಕಚಕ ಹೊಡೆಯುತ್ತಲೇ ಇದ್ದ.

“ಕಳ್ಳೀರು! ತಿವಾರಿ, ಗೇಟಿಗೆ ಬೀಗ ಹಾಕು!”

“ಕಳ್ರು ಕೊಟ್ಟು ಹೋಯ್ತಾರೇನ್ಲಾ?” ಎಂದಳು ಲೀಲು ಗಂಟನ್ನು ತಲೆಗೇರಿಸುತ್ತಾ. “ಆ ಹಲ್ಲಿನ ಡಬ್ಬಿ ನೀನೇ ಇಟ್ಕೋ ಬೋಳಿಮಗನೆ, ಅದ್ಕೆ ಒಂದ್ ಚಮಚಾನೂ ಕೊಡಲ್ಲ.”

ಗೇಟಿನ ಹತ್ತಿರ ಬರುವಷ್ಟರಲ್ಲಿ ಬೀಗ ಬಿದ್ದಿತ್ತು. ಪರಾಗ್‌ಭಾಯಿ ಫೋನಿನಲ್ಲಿ ಪೊಲೀಸರಿಗೆ ಕೂಗಿ ಹೇಳುತ್ತಿದ್ದ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ನಮ್ಮ ಪಾತ್ರೆಯೆಲ್ಲ ಅಲ್ಲಿ, ನಾವು ಇಲ್ಲಿ. ಪೊಲೀಸರು ನಮ್ಮ ಜಾತಿ ಕೇಳಿದ ಮೇಲೆ ಬೇರೇನೂ ಕೇಳುವುದಿಲ್ಲ. ತಲೆಯ ಮೇಲಿನ ಗಂಟನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ.

ತಿರುಗಿ ನೋಡಿದರೆ ತೃಪ್ತಿಬೆನ್ ವೇದಿಕೆಯ ಮೇಲೆ ಒಂದು ಬಾಣಲೆ ಮಗುಚಿ, ಅದರ ತಳವನ್ನು ಉಗುರಿನಿಂದ ಟಕಟಕ ಬಡಿಯುತ್ತಿದ್ದಳು. ಒಮ್ಮೆ ನಮ್ಮ ಗಂಟುಗಳನ್ನು ನೋಡಿದಳು. ಆಮೇಲೆ ಬಾಣಲೆ ಹಿಡಿದುಕೊಂಡೇ ದಡದಡ ಇಳಿದು ಬಂದಳು.

“ಏನೇ ಕಂಕು! ಇಡೀ ಸೊಸೈಟಿ ಬಟ್ಟೆಗೆ ಬರೀ ಇಷ್ಟೇ ಪಾತ್ರೆನಾ? ಕಳ್ಳಿ! ಅದರಲ್ಲಿ ನನ್ನ ಮದುವೆ ಸೀರೆ ಇದೆ!”

“ತೃಪ್ತಿಬೆನ್!” ಎಂದು ಪರಾಗ್‌ಭಾಯಿ ಅರಚಿದ.

“ಇರಿ ಭಾಯಿ, ನಿಮಗೆ ಗೊತ್ತಾಗಲ್ಲ,” ಎಂದಳು ಅವನ ಕಡೆ ತಿರುಗದೆ. ಅವಳ ಹಿಂದೆ ಇನ್ನೂ ಕೆಲವು ಹೆಂಗಸರು ಕುರ್ಚಿ ಬಿಟ್ಟು ಏಳುತ್ತಿದ್ದರು. ಒಬ್ಬಳ ಕಂಕುಳಲ್ಲಿ ಆಗಲೇ ಒಂದು ಊಟದ ಡಬ್ಬಿ ಸೇರಿತ್ತು.

ಚೌಕಾಸಿ ಶುರುವಾಯಿತೆಂದರೆ ಇದು ಕಳವಲ್ಲ, ವ್ಯಾಪಾರ. ಗಂಟು ಇಳಿಸಿ, ಬೀಗ ಹಾಕಿದ ಗೇಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತೆ.

“ಒಂದು ಸೌಟು ಸೇರಿಸ್ತೀಯೋ ಇಲ್ಲವೋ?” ಎಂದಳು ತೃಪ್ತಿಬೆನ್.

“ನಿಂತ್ಕಂಡು ಯಾಪಾರ ಆಗಲ್ಲ ಬೆನ್. ಇಲ್ಲಿ ಹೊಸ್ಲೂ ಇಲ್ಲ, ಕುರ್ಚಿನೂ ಇಲ್ಲ. ಕೂತ್ಕಳಿ.”

ಅವಳು ತನ್ನ ಹೊಸ ರೇಷ್ಮೆ ಸೀರೆಯ ನೆರಿಗೆ ನೋಡಿಕೊಂಡಳು, ನೆಲ ನೋಡಿದಳು. ಗೇಟಿನಾಚೆ ಪೊಲೀಸ್ ಜೀಪು ಬಂದು ನಿಂತು ಹಾರ್ನ್ ಹೊಡೆಯಿತು. ತಿವಾರಿ ಬೀಗದ ಕೈಯನ್ನು ಒಂದು ಜೇಬಿನಲ್ಲಿ ಹುಡುಕಿದ, ಇನ್ನೊಂದರಲ್ಲಿ ಹುಡುಕಿದ, ಮತ್ತೆ ಮೊದಲನೆಯದರಲ್ಲಿ ಹುಡುಕತೊಡಗಿದ.

“ಸೌಟು ಐತೆ,” ಎಂದೆ. “ಮೊದ್ಲು ಕೂತ್ಕಳಿ.”